ಪೀಲ್ ಎಂದರೆ ಗಾಯವೂ ಹೌದು, ಅದನ್ನೂ ಬರೆಯಿರಿ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರದ ನಿಮ್ಮ ಪುರವಣಿಯಲ್ಲಿ ಕೆಮಿಕಲ್ ಪೀಲ್, ಅಂದರೆ ಮುಖಕ್ಕೆ ಆಮ್ಲ ಹಚ್ಚಿ ಚರ್ಮದ ಮೇಲ್ಪದರ ಸುಲಿಯುವ ಚಿಕಿತ್ಸೆಯ ಬಗ್ಗೆ ಬಂದ ಲೇಖನವನ್ನು ಗಮನವಿಟ್ಟು ಓದಿದೆ. ಮುಖಕ್ಕೆ ಹೊಳಪು ಬರುತ್ತದೆ, ಕಲೆ ಹೋಗುತ್ತದೆ, ಮಧ್ಯಾಹ್ನದ ಬಿಡುವಿನಲ್ಲಿ ಮಾಡಿಸಿಕೊಂಡು ಮತ್ತೆ ಕೆಲಸಕ್ಕೆ ಹೋಗಬಹುದು ಎಂದೆಲ್ಲ ಬರೆದಿದ್ದೀರಿ. ಕೊನೆಯಲ್ಲಿ, ಖರ್ಚು ಉಳಿಸಬೇಕು ಎನ್ನುವವರು ಬಾಟಲಿ ತರಿಸಿಕೊಂಡು ಮನೆಯಲ್ಲೇ ಹಚ್ಚಿಕೊಳ್ಳಬಹುದು ಎಂದೂ ಇದೆ. ಆ ಒಂದು ಸಾಲು ನನ್ನನ್ನು ಸುಮ್ಮನಿರಲು ಬಿಡಲಿಲ್ಲ.

ನಾನು ಚರ್ಮರೋಗ ವಿಭಾಗದಲ್ಲಿ ಬಹಳ ವರ್ಷ ನರ್ಸ್ ಆಗಿದ್ದವಳು. ಪೀಲ್ ಇರುವ ದಿನ ಟ್ರೇ ಜೋಡಿಸುವುದು, ರೋಗಿಯ ಮುಖ ಒರೆಸಿ ಸಿದ್ಧ ಮಾಡುವುದು, ಡಾಕ್ಟರ್ ಪಕ್ಕ ಗಡಿಯಾರ ಹಿಡಿದು ನಿಲ್ಲುವುದು, ಆಮೇಲೆ ಮನೆಗೆ ಹೋಗುವವರಿಗೆ ಏನು ಮಾಡಬೇಕು, ಏನು ಮಾಡಬಾರದು ಅಂತ ಹೇಳಿ ಕಳಿಸುವುದು, ಇವೆಲ್ಲ ನನ್ನ ಕೆಲಸ. ಹಾಗಾಗಿ ಪೀಲ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಮೊಡವೆಯ ಕಪ್ಪು ಕಲೆಗಳಿಂದ ತಲೆ ತಗ್ಗಿಸಿಕೊಂಡು ಬಂದವರು ಕೆಲವು ತಿಂಗಳಲ್ಲಿ ಮುಖವೆತ್ತಿ ಮಾತಾಡಿದ್ದನ್ನು ನೋಡಿದ್ದೇನೆ. ಆದರೆ ಪೀಲ್ ಅಂದರೆ ಬೇಕೆಂದೇ ಅಳತೆ ಮಾಡಿ ಮಾಡುವ ಗಾಯ. ಅದು ಎಷ್ಟು ಆಳಕ್ಕೆ ಹೋಗಬೇಕು, ಎಲ್ಲಿ ನಿಲ್ಲಬೇಕು, ಹೇಗೆ ವಾಸಿಯಾಗಬೇಕು ಎನ್ನುವುದೇ ಇಡೀ ಚಿಕಿತ್ಸೆ. ನಿಮ್ಮ ಲೇಖನದಲ್ಲಿ ಈ ಮಾತು ಎಲ್ಲೂ ಇಲ್ಲ.

ಚರ್ಮದ ಮೇಲ್ಪದರ ತಾನೇ ತಾನಾಗಿ ಬದಲಾಗುತ್ತಾ ಇರುತ್ತದೆ. ಕೆಳಗಡೆ ಹೊಸ ಕೋಶ ಹುಟ್ಟುತ್ತದೆ, ನಿಧಾನವಾಗಿ ಮೇಲೆ ಬರುತ್ತದೆ, ಸತ್ತು ಉದುರುತ್ತದೆ. ಹರೆಯದಲ್ಲಿ ಇದಕ್ಕೆ ಸುಮಾರು 4 ವಾರ ಸಾಕು, ವಯಸ್ಸಾದ ಹಾಗೆ ಜಾಸ್ತಿ ದಿನ ಬೇಕು. ಸತ್ತ ಕೋಶಗಳು ಉದುರದೆ ಮೇಲೇ ಕೂತರೆ ಮುಖ ಮಂಕಾಗಿ, ಒರಟಾಗಿ ಕಾಣುತ್ತದೆ. ಆ ಕೋಶಗಳನ್ನು ಹಿಡಿದಿಟ್ಟಿರುವ ಅಂಟನ್ನು ಪೀಲ್‌ನ ಆಮ್ಲ ಸಡಿಲ ಮಾಡುತ್ತದೆ. ಜೋರಾದ ಆಮ್ಲವಾದರೆ ಜೀವಂತ ಕೋಶಗಳನ್ನೂ ಸುಡುತ್ತದೆ. ಹಳೆಯದು ಹೋದ ಜಾಗಕ್ಕೆ ಹೊಸ ಚರ್ಮ ಬರುತ್ತದೆ. ನೀವು ಬರೆದ ಹೊಳಪು ಬರುವುದು ಇಲ್ಲಿಂದಲೇ.

ಇದೇನೂ ನಿನ್ನೆ ಮೊನ್ನೆ ಬಂದ ಫ್ಯಾಷನ್ ಅಲ್ಲ. 1882ರಲ್ಲೇ ಜರ್ಮನಿಯ ಚರ್ಮವೈದ್ಯ ಪಾಲ್ ಗೆರ್ಸನ್ ಉನ್ನಾ ಅವರು ಸ್ಯಾಲಿಸಿಲಿಕ್ ಆಮ್ಲ, ರೆಸಾರ್ಸಿನಾಲ್, ಟ್ರೈಕ್ಲೋರೋಅಸಿಟಿಕ್ ಆಮ್ಲ, ಫೀನಾಲ್ ಇವು ಚರ್ಮದ ಮೇಲೆ ಏನು ಮಾಡುತ್ತವೆ ಅಂತ ಬರೆದಿಟ್ಟಿದ್ದರು. ಇವತ್ತು ಜಾಸ್ತಿ ಬಳಕೆಯಲ್ಲಿರುವ ಗ್ಲೈಕಾಲಿಕ್ ಮತ್ತು ಲ್ಯಾಕ್ಟಿಕ್ ಆಮ್ಲಗಳ ಗುಂಪಿನ ಬಗ್ಗೆ ವ್ಯಾನ್ ಸ್ಕಾಟ್ ಮತ್ತು ಯು ಎಂಬಿಬ್ಬರು 1974ರಲ್ಲಿ ಬರೆದರು. ಅದು ಸೌಂದರ್ಯಕ್ಕಾಗಿ ಮಾಡಿದ ಕೆಲಸ ಅಲ್ಲ. ಮೈಯೆಲ್ಲ ಮೀನಿನ ಹುರುಪೆಯಂತೆ ಪೊರೆ ಕಟ್ಟುವ ಇಕ್ತಿಯೋಸಿಸ್ ಎಂಬ ಕಾಯಿಲೆಗೆ ಮದ್ದು ಹುಡುಕುತ್ತಿದ್ದರು.

ಪೀಲ್ ಅಂದರೆ ಒಂದೇ ಅಲ್ಲ ಎನ್ನುವುದನ್ನಾದರೂ ನಿಮ್ಮ ಲೇಖನ ಹೇಳಬೇಕಿತ್ತು. ಮೇಲ್ಮೈ ಪೀಲ್ ಹೊರಗಿನ ಪದರದಲ್ಲೇ ನಿಲ್ಲುತ್ತದೆ, ಕೆಲವು ದಿನದಲ್ಲಿ ವಾಸಿಯಾಗುತ್ತದೆ. ಮಧ್ಯಮ ಪೀಲ್ ಅದರ ಕೆಳಗಿನ ಒಳಚರ್ಮವನ್ನು ಮುಟ್ಟುತ್ತದೆ. ಅದಕ್ಕೆ ಒಂದೆರಡು ವಾರ ಬೇಕು, ಮುಖ ಊದಿಕೊಂಡು ಕಂದು ಹಕ್ಕಳೆ ಕಟ್ಟುತ್ತದೆ. ಆಳದ ಪೀಲ್ ಅಂದರೆ ಫೀನಾಲ್. ಇದು ಚರ್ಮದ ಮೂಲಕ ರಕ್ತಕ್ಕೆ ಸೇರಿ ಹೃದಯದ ಬಡಿತವನ್ನೇ ಏರುಪೇರು ಮಾಡಬಹುದು. ಅದಕ್ಕೇ ಅದನ್ನು ಮಾಡುವಾಗ ಹೃದಯದ ಮಾನಿಟರ್ ಹಾಕಿರುತ್ತಾರೆ. ಕಂದು ಚರ್ಮದವರಿಗೆ ಅದು ಸಾಮಾನ್ಯವಾಗಿ ಬೇಡವೇ ಬೇಡ, ಚರ್ಮ ಬಣ್ಣ ಕಳೆದುಕೊಂಡು ಬಿಳಿಚಿಕೊಳ್ಳಬಹುದು. ಮಧ್ಯಾಹ್ನದ ಬಿಡುವಿನಲ್ಲಿ ಮುಗಿಯುವ ಪೀಲ್ ಮತ್ತು ಈ ಪೀಲ್ ಎರಡಕ್ಕೂ ಇರುವುದು ಒಂದೇ ಹೆಸರು. ಓದುಗರಿಗೆ ವ್ಯತ್ಯಾಸ ಹೇಗೆ ಗೊತ್ತಾಗಬೇಕು?

ಒಂದು ಸಾಧಾರಣ ಗ್ಲೈಕಾಲಿಕ್ ಪೀಲ್ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ. ಮೊದಲು ಮುಖ ತೊಳೆದು, ಎಣ್ಣೆ ಜಿಡ್ಡು ಹೋಗಲಿ ಅಂತ ಸ್ಪಿರಿಟ್ ಅಥವಾ ಅಸಿಟೋನ್‌ನಲ್ಲಿ ಒರೆಸುತ್ತೇವೆ. ಜಿಡ್ಡು ಒಂದು ಕಡೆ ಉಳಿದರೆ ಆಮ್ಲ ಅಲ್ಲಿ ಇಳಿಯುವುದಿಲ್ಲ, ಪಕ್ಕದಲ್ಲಿ ಜಾಸ್ತಿ ಇಳಿಯುತ್ತದೆ, ಮುಖ ತೇಪೆ ತೇಪೆಯಾಗುತ್ತದೆ. ಕಣ್ಣಿನ ಮೂಲೆ, ಮೂಗಿನ ಹೊಳ್ಳೆಯ ಬದಿ, ತುಟಿಯ ಅಂಚು, ಈ ಜಾಗಗಳಿಗೆ ಪೆಟ್ರೋಲಿಯಂ ಜೆಲ್ಲಿ ಸವರುತ್ತೇವೆ. ದ್ರವ ಹೋಗಿ ನಿಲ್ಲುವುದು ಅಲ್ಲೇ. ಕಣ್ಣು ಮುಚ್ಚಿಸಿ ಮೇಲೆ ಒದ್ದೆ ಹತ್ತಿ ಇಡುತ್ತೇವೆ. ಆಮ್ಲದ ಬಟ್ಟಲನ್ನು ರೋಗಿಯ ಮುಖದ ಮೇಲಿಂದ ದಾಟಿಸಬಾರದು ಎನ್ನುವುದು ನನಗೆ ಕಲಿಸಿದ ಮೊದಲ ಪಾಠ. ಒಂದು ಹನಿ ಕಣ್ಣಿಗೆ ಬಿದ್ದರೆ ಮುಗಿಯಿತು.

ಡಾಕ್ಟರ್ ಹಣೆಯಿಂದ ಶುರು ಮಾಡಿ ಕೆನ್ನೆ, ಗಲ್ಲ, ಮೂಗು ಅಂತ ಬೇಗ ಬೇಗ ಹಚ್ಚುತ್ತಾರೆ. ಬ್ರಷ್ ಮುಖಕ್ಕೆ ತಾಗಿದ ಕ್ಷಣದಿಂದ ಗಡಿಯಾರ ಓಡುತ್ತದೆ. ಮೊದಲ ಸಲ ಆದರೆ ಕಡಿಮೆ ಪ್ರಮಾಣ, ಕಡಿಮೆ ಹೊತ್ತು. ಒಂದೋ ಎರಡೋ ನಿಮಿಷ, ಹೆಚ್ಚೆಂದರೆ ಮೂರು. ನಾನು ಅರ್ಧರ್ಧ ನಿಮಿಷ ಎಣಿಸಿ ಹೇಳುತ್ತಿದ್ದೆ. ರೋಗಿಗೆ ಚುರುಚುರು ಅನ್ನುತ್ತದೆ, ಫ್ಯಾನ್ ಗಾಳಿ ಹಾಕುತ್ತೇವೆ. ಇಡೀ ಹೊತ್ತು ಇಬ್ಬರ ಕಣ್ಣೂ ಮುಖದ ಮೇಲೇ ಇರಬೇಕು. ಒಲೆ ಮೇಲೆ ಹಾಲಿಟ್ಟ ಹಾಗೆ, ಆಚೆ ತಿರುಗಿದರೆ ಕೆಟ್ಟಿತು. ಮೂಗಿನ ಪಕ್ಕ ಸ್ವಲ್ಪ ಕೆಂಪು ಏರಿದರೆ ಅಷ್ಟೇ ಜಾಗಕ್ಕೆ ಮೊದಲು ನ್ಯೂಟ್ರಲೈಸರ್ ಹಾಕುತ್ತೇವೆ. ಅಂದರೆ ಆಮ್ಲವನ್ನು ತಟಸ್ಥ ಮಾಡುವ ಸೋಡಾ ಬೈಕಾರ್ಬನೇಟ್ ದ್ರಾವಣ. ಎಲ್ಲಾದರೂ ಬೂದು ಬಿಳುಪು ಕಂಡರೆ ಗಡಿಯಾರ ಏನೇ ಹೇಳಲಿ, ಆ ಕ್ಷಣಕ್ಕೇ ನಿಲ್ಲಿಸಬೇಕು. ಅಲ್ಲಿ ಮೇಲ್ಪದರ ಬಿಟ್ಟುಕೊಳ್ಳುತ್ತಿದೆ ಅಂತ ಅರ್ಥ.

ಸ್ಯಾಲಿಸಿಲಿಕ್ ಪೀಲ್‌ನಲ್ಲಿ ನೋಡುವುದೇ ಬೇರೆ. ಅಲ್ಲಿಯೂ ಮುಖ ಬೆಳ್ಳಗಾಗುತ್ತದೆ, ಆದರೆ ಅದು ಆಮ್ಲವನ್ನು ಕರಗಿಸಿದ್ದ ಸ್ಪಿರಿಟ್ ಆರಿ ಉಳಿದ ಆಮ್ಲದ ಹರಳು, ಒರೆಸಿದರೆ ಹೋಗುತ್ತದೆ. ಅದಕ್ಕೆ ನ್ಯೂಟ್ರಲೈಸರ್ ಬೇಕಿಲ್ಲ. ಎಣ್ಣೆಯಲ್ಲಿ ಕರಗುವ ಗುಣ ಇರುವುದರಿಂದ ರಂಧ್ರಗಳೊಳಗೆ ಇಳಿಯುತ್ತದೆ, ಮೊಡವೆ ಮುಖಕ್ಕೆ ಅದನ್ನೇ ಆರಿಸುವುದು ಅದಕ್ಕೇ. ಟಿಸಿಎ, ಅಂದರೆ ಆಗಲೇ ಹೇಳಿದ ಟ್ರೈಕ್ಲೋರೋಅಸಿಟಿಕ್ ಆಮ್ಲ, ಮತ್ತೂ ಬೇರೆ. ಅದರಲ್ಲಿ ಬರುವ ಬಿಳುಪು ಚರ್ಮದ ಪ್ರೋಟೀನ್ ಹೆಪ್ಪುಗಟ್ಟಿದ್ದು. ಆ ಬಿಳುಪು ಎಷ್ಟು ದಟ್ಟ ಎನ್ನುವುದನ್ನು ನೋಡಿಯೇ ಆಳ ಅಂದಾಜು ಮಾಡುತ್ತಾರೆ. ಅದು ಬಂದಮೇಲೆ ಸೋಡಾ ಹಾಕಿ ಹಿಂದಕ್ಕೆ ತರಲು ಆಗುವುದಿಲ್ಲ. ಒಂದೇ ಬಾಟಲಿಯ ಟಿಸಿಎ ಒಂದು ಕೋಟ್ ಹಚ್ಚಿದರೆ ಮೇಲೆ ನಿಲ್ಲುತ್ತದೆ, ಮೂರು ಕೋಟ್ ಹಚ್ಚಿದರೆ ಕೆಳಗೆ ಇಳಿಯುತ್ತದೆ. ಮೂರು ಆಮ್ಲಕ್ಕೆ ಮೂರು ಬಗೆಯ ಬಿಳುಪು. ಕನ್ನಡಿ ಮುಂದೆ ಒಬ್ಬಳೇ ನಿಂತ ಹುಡುಗಿಗೆ ಇದು ಯಾವ ಬಿಳುಪು ಅಂತ ಯಾರು ಹೇಳಬೇಕು?

ಬಾಟಲಿ ಮೇಲೆ ಶೇ 30 ಅಂತ ಬರೆದಿದ್ದರೆ ಅದರಿಂದ ಪೂರ್ತಿ ವಿಷಯ ಗೊತ್ತಾಗುವುದಿಲ್ಲ ಎನ್ನುವುದು ಇನ್ನೊಂದು. ಗ್ಲೈಕಾಲಿಕ್ ಆಮ್ಲದ ಜೋರು ಅದರ ಪಿಎಚ್, ಅಂದರೆ ಹುಳಿತನದ ಅಳತೆಯ ಮೇಲೂ ನಿಂತಿದೆ. ಅಂಕಿ ಕಡಿಮೆಯಾದಷ್ಟೂ ಹುಳಿ ಜಾಸ್ತಿ. ಪಿಎಚ್ ಸುಮಾರು 3.8 ಇದ್ದಾಗ ಅರ್ಧದಷ್ಟು ಆಮ್ಲ ಮಾತ್ರ ಚರ್ಮದೊಳಗೆ ಇಳಿಯುವ ರೂಪದಲ್ಲಿರುತ್ತದೆ. ಪಿಎಚ್ ಅದಕ್ಕಿಂತ ಇಳಿದ ಹಾಗೆ ಆ ಭಾಗ ಏರುತ್ತಾ ಹೋಗುತ್ತದೆ. ಅಂದರೆ ಒಂದೇ ಶೇ 30 ಬರೆದ ಎರಡು ಬಾಟಲಿಗಳಲ್ಲಿ ಒಂದು ಸುಮ್ಮನೆ ಚುರುಗುಟ್ಟಿಸಬಹುದು, ಇನ್ನೊಂದು ಸುಡಬಹುದು. ದಿನ ಬಳಸುವ ಕ್ರೀಮುಗಳಲ್ಲಿ ಈ ಆಮ್ಲಗಳು ಶೇ 10 ದಾಟಬಾರದು, ಪಿಎಚ್ 3.5ಕ್ಕಿಂತ ಕೆಳಗೆ ಹೋಗಬಾರದು ಅಂತ ಅಮೆರಿಕದ ತಜ್ಞರ ಸಮಿತಿಯೊಂದು ಬಹಳ ಹಿಂದೆಯೇ ಹೇಳಿದೆ. ಮಿತಿಯೊಳಗಿನ ಅಂಥ ಕ್ರೀಮು, ಸೀರಮ್ಮುಗಳ ತಂಟೆಗೆ ನಾನು ಹೋಗುವುದಿಲ್ಲ. ನನ್ನ ತಕರಾರು ಇರುವುದು ಪೀಲ್ ಅಂತಲೇ ಮಾರುವ ಜೋರು ಬಾಟಲಿಗಳ ಬಗ್ಗೆ. 2024ರ ಜುಲೈನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವೇ ಎಚ್ಚರಿಕೆ ಕೊಟ್ಟಿತು. ಟಿಸಿಎ, ಗ್ಲೈಕಾಲಿಕ್, ಸ್ಯಾಲಿಸಿಲಿಕ್, ಲ್ಯಾಕ್ಟಿಕ್ ಆಮ್ಲ ಹೆಚ್ಚಿನ ಪ್ರಮಾಣದಲ್ಲಿರುವ ಪೀಲ್‌ಗಳನ್ನು ತಜ್ಞರ ಮೇಲ್ವಿಚಾರಣೆ ಇಲ್ಲದೆ ಕೊಳ್ಳಬೇಡಿ, ಬಳಸಬೇಡಿ ಅಂತ. ನಿಮ್ಮ ಲೇಖನ ಬರೆದವರಿಗೆ ಅದು ಕಣ್ಣಿಗೆ ಬಿದ್ದಿದ್ದರೆ ಆ ಕೊನೆಯ ಸಾಲು ಬರುತ್ತಿರಲಿಲ್ಲ, ಅಲ್ವಾ?

ಮನೆಯಲ್ಲಿ ಹಚ್ಚಿಕೊಂಡು ಬಂದವರಲ್ಲಿ ಒಬ್ಬಳು ನನಗೆ ಮರೆಯುವುದಿಲ್ಲ. ಕಾಲೇಜು ಓದುವ ಹುಡುಗಿ. ಅಮ್ಮನ ಜೊತೆ ಬಂದಿದ್ದಳು, ದುಪಟ್ಟಾದಲ್ಲಿ ಅರ್ಧ ಮುಖ ಮುಚ್ಚಿಕೊಂಡು. ಬಟ್ಟೆ ಸರಿಸಿದಾಗ ಎರಡೂ ಕೆನ್ನೆಯಲ್ಲಿ ಬ್ರಷ್ ಎಳೆದ ಗುರುತು ಹಾಗೇ ಇತ್ತು. ಕಪ್ಪು ಕಂದು ಪಟ್ಟಿಗಳು. ಒಂದು ಕಡೆ ದ್ರವ ಕೆಳಗೆ ಇಳಿದು ದವಡೆ ದಾಟಿ ಕತ್ತಿನವರೆಗೆ ಗೆರೆ ಬಿದ್ದಿತ್ತು. ಕತ್ತಿನ ಗೆರೆಯ ಮೇಲೆ ಚರ್ಮ ಇನ್ನೂ ಹಸಿಯಾಗಿತ್ತು.

"ಸಿಸ್ಟರ್, ಹತ್ತು ನಿಮಿಷ ಬಿಡಿ ಅಂತ ಬರೆದಿತ್ತು. ಉರೀತಿದ್ರೆ ಕೆಲಸ ಮಾಡ್ತಿದೆ ಅಂದ್ಕೊಂಡೆ" ಅಂದಳು.

ಅವಳಮ್ಮ ನನ್ನ ಕೈ ಹಿಡಿದುಕೊಂಡು, "ಇದು ಹೋಗತ್ತಾ ಸಿಸ್ಟರ್?" ಅಂತ ಕೇಳಿದರು. ಹೋಗುತ್ತದೆ, ಆದರೆ ಬಹಳ ತಿಂಗಳು ಬೇಕು ಅಂದೆ. ಆ ಹುಡುಗಿ ಶುರುವಿನಲ್ಲಿ ಹೋಗಿಸಿಕೊಳ್ಳಲು ಹೊರಟಿದ್ದು ನಾಲ್ಕೈದು ಮೊಡವೆ ಕಲೆ. ಬಿಟ್ಟಿದ್ದರೆ ಅವು ಆ ಹೊತ್ತಿಗೆ ತಾವಾಗಿಯೇ ತಿಳಿಯಾಗುತ್ತಿದ್ದವು.

ಹೀಗೆ ಯಾಕಾಗುತ್ತದೆ ಅಂದರೆ, ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಿಸುವ ಕೋಶಗಳು ಮೇಲ್ಪದರದ ತಳದಲ್ಲಿರುತ್ತವೆ. ಸುಟ್ಟರೆ, ಉರಿಯೂತವಾದರೆ ಅವು ಕೆರಳಿ ಜಾಸ್ತಿ ಬಣ್ಣ ಮಾಡುತ್ತವೆ. ಕಂದು ಚರ್ಮದಲ್ಲಿ ಈ ಕೆರಳುವಿಕೆ ಹೆಚ್ಚು. ಗಾಯ ಆರಿದ ಮೇಲೆ ಕಪ್ಪು ಉಳಿಯುತ್ತದೆ. ಬಣ್ಣ ಮೇಲ್ಪದರದಲ್ಲೇ ಇದ್ದರೆ ತಿಂಗಳುಗಳಲ್ಲಿ ಮಾಸುತ್ತದೆ. ಒಳಚರ್ಮಕ್ಕೆ ಇಳಿದುಬಿಟ್ಟರೆ ಬೂದು ನೀಲಿಯಾಗಿ ವರ್ಷಗಟ್ಟಲೆ ಕೂರುತ್ತದೆ. ತಿಳಿಯಾಗಲಿ ಅಂತ ಹಚ್ಚಿದ ಆಮ್ಲವೇ ಕಪ್ಪು ಮಾಡುವುದು ಹೀಗೆ. ಆದ್ದರಿಂದಲೇ ಕಂದು ಚರ್ಮಕ್ಕೆ ಡಾಕ್ಟರುಗಳು ಕಡಿಮೆ ಪ್ರಮಾಣದಲ್ಲಿ ಶುರು ಮಾಡಿ, ಎರಡರಿಂದ ನಾಲ್ಕು ವಾರದ ಅಂತರ ಬಿಟ್ಟು, ಸ್ವಲ್ಪ ಸ್ವಲ್ಪವೇ ಏರಿಸುವುದು. ಶುರುವಿಗೆ ಮೊದಲು ಎರಡು ಮೂರು ವಾರ ಕ್ರೀಮು ಹಚ್ಚಿಸಿ ಚರ್ಮವನ್ನು ಸಿದ್ಧ ಮಾಡುತ್ತಾರೆ. ಕಿವಿಯ ಹಿಂದೆ ಒಂದಿಷ್ಟು ಹಚ್ಚಿ ನೋಡುತ್ತಾರೆ. ಬೇಗ ಮುಗಿಸಿ ಅಂತ ಅವಸರ ಮಾಡುವವರಿಗೆ ಇದೆಲ್ಲ ಸುಮ್ನೆ ಕಾಲಹರಣ ಅಂತ ಕಾಣುತ್ತದೆ. ಮನೆಯಲ್ಲಿ ಮದುವೆಗೆ ಒಂದು ವಾರ ಇದೆ ಅನ್ನುವಾಗ ಬರುವವರು ಎಷ್ಟು ಜನ! ಸಿಪ್ಪೆ ಏಳುತ್ತಿರುವ ಮುಖದಲ್ಲಿ ಫೋಟೋಗೆ ನಿಲ್ಲಬೇಕಾಗುತ್ತದೆ ಅಂತ ಹೇಳಿ ವಾಪಸ್ ಕಳಿಸುತ್ತಿದ್ದೆವು.

ಆ ಹುಡುಗಿಯ ಕತ್ತಿನ ಗೆರೆ ಯಾಕೆ ಕೆನ್ನೆಗಿಂತ ತಡವಾಗಿ ಆರಿತು ಎನ್ನುವುದನ್ನೂ ಹೇಳಬೇಕು. ಚರ್ಮ ಮತ್ತೆ ಬೆಳೆಯುವುದು ಕೂದಲಿನ ಬುಡ, ಎಣ್ಣೆ ಗ್ರಂಥಿ ಇಂಥ ಕಡೆ ಉಳಿದಿರುವ ಕೋಶಗಳಿಂದ. ಮುಖದಲ್ಲಿ ಅವು ಬಹಳ, ಕತ್ತಿನಲ್ಲಿ, ಕೈಯ ಮೇಲ್ಭಾಗದಲ್ಲಿ ಕಡಿಮೆ. ಹಾಗಾಗಿ ಮುಖ ತಡೆದುಕೊಳ್ಳುವ ಪೀಲ್ ಅನ್ನು ಕತ್ತು ತಡೆಯುವುದಿಲ್ಲ. ಬಟ್ಟಲಲ್ಲಿ ಉಳಿದದ್ದನ್ನು ಕತ್ತಿಗೂ ಕೈಗೂ ಸವರಿಕೊಳ್ಳುವ ಅಭ್ಯಾಸ ಎಷ್ಟು ಅಪಾಯ ಅಂತ ಇದರಲ್ಲೇ ಗೊತ್ತಾಗುತ್ತದೆ.

ಕತ್ತಿನ ಮಾತು ಬಂದಿದ್ದಕ್ಕೆ ಇನ್ನೊಂದು. ಕತ್ತಿನ ಹಿಂದೆ, ಕಂಕುಳಲ್ಲಿ ಕಪ್ಪಾಗಿದೆ, ಪೀಲ್ ಮಾಡಿ ತೆಗೆದುಬಿಡಿ ಅಂತ ಬರುವವರು ಇದ್ದಾರೆ. ಕೈಯಿಟ್ಟು ನೋಡಿದರೆ ಚರ್ಮ ದಪ್ಪಗೆ, ಮಖಮಲ್ಲಿನ ಹಾಗೆ ಇರುತ್ತದೆ. ಎಷ್ಟೋ ಮಕ್ಕಳಿಗೆ ಅಪ್ಪ ಅಮ್ಮಂದಿರು ಸರಿಯಾಗಿ ಸ್ನಾನ ಮಾಡುವುದಿಲ್ಲ ಅಂತ ಬೈದು ಉಜ್ಜಿ ಉಜ್ಜಿ ಗಾಯ ಮಾಡಿರುತ್ತಾರೆ. ಅದು ಕೊಳೆ ಅಲ್ಲ. ಅಕಾಂಥೋಸಿಸ್ ನೈಗ್ರಿಕನ್ಸ್ ಅಂತ ಅದರ ಹೆಸರು. ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ ರಕ್ತದಲ್ಲಿ ಅದರ ಮಟ್ಟ ಏರಿದಾಗ ಚರ್ಮ ಹೀಗೆ ದಪ್ಪವಾಗುವುದು ಸಾಮಾನ್ಯ. ಅಂಥವರಿಗೆ ಬೇಕಾಗಿರುವುದು ಮೊದಲು ಸಕ್ಕರೆ ಪರೀಕ್ಷೆ, ತೂಕದ ಕಡೆ ಗಮನ. ಪರೀಕ್ಷೆಗೆ ಕಳಿಸಿದಾಗ ಸಕ್ಕರೆ ಕಾಯಿಲೆ ಇದೆ ಅಂತ ಮೊದಲ ಸಲ ಗೊತ್ತಾದವರನ್ನು ನಾನೇ ನೋಡಿದ್ದೇನೆ. ಡಾಕ್ಟರ್ ಕಣ್ಣಿಗೆ ಬೀಳದೆ ಬಾಟಲಿ ತರಿಸಿಕೊಂಡು ಹಚ್ಚಿದ್ದರೆ ಕತ್ತೂ ಸುಡುತ್ತಿತ್ತು, ಕಾಯಿಲೆಯೂ ಒಳಗೇ ಉಳಿಯುತ್ತಿತ್ತು. ಪೀಲ್ ಬಗ್ಗೆ ಬರೆಯುವ ಯಾರೇ ಆಗಲಿ ಈ ಒಂದು ಪ್ಯಾರಾ ಬಿಡಬಾರದು ಎನ್ನುವುದು ನನ್ನ ಆಸೆ.

ಪೀಲ್‌ಗೆ ಮೊದಲು ಕೇಳುವ ಪ್ರಶ್ನೆಗಳೂ ಲೇಖನದಲ್ಲಿ ಇರಲಿಲ್ಲ. ತುಟಿಯ ಮೇಲೆ ಆಗಾಗ ಜ್ವರದ ಗುಳ್ಳೆ ಏಳುತ್ತದಾ? ಅದು ಹರ್ಪಿಸ್ ವೈರಸ್, ಪೀಲ್ ಆದಮೇಲೆ ಅದು ಮತ್ತೆ ಎದ್ದು ಮುಖವೆಲ್ಲ ಹರಡಬಹುದು. ಮೊದಲೇ ಹೇಳಿದರೆ ಮಾತ್ರೆ ಕೊಟ್ಟು ತಡೆಯಬಹುದು. ಮೊಡವೆಗೆ ಐಸೊಟ್ರೆಟಿನೊಯಿನ್ ಮಾತ್ರೆ ತೆಗೆದುಕೊಂಡಿದ್ದೀರಾ, ಯಾವಾಗ ನಿಲ್ಲಿಸಿದಿರಿ? ಆಳವಾದ ಪೀಲ್ ಆದರೆ ಇದು ಬಹಳ ಮುಖ್ಯ. ಗಾಯವಾದ ಕಡೆ ಉಬ್ಬಿದ ಗಂಟು, ಅಂದರೆ ಕೀಲಾಯ್ಡ್ ಬೆಳೆಯುತ್ತದಾ? ಆಸ್ಪಿರಿನ್ ಒಗ್ಗುವುದಿಲ್ಲವಾ? ಹಾಗಿದ್ದರೆ ಸ್ಯಾಲಿಸಿಲಿಕ್ ಬೇಡ, ಅದೂ ಆಸ್ಪಿರಿನ್ ಬಳಗದ್ದೇ. ಬಸುರಿಯಾ, ಹಾಲೂಡಿಸುತ್ತಿದ್ದೀರಾ? ಈ ವಾರ ವ್ಯಾಕ್ಸಿಂಗ್, ಥ್ರೆಡಿಂಗ್, ಬ್ಲೀಚ್ ಏನಾದರೂ ಆಯಿತಾ? ರೆಟಿನಾಲ್, ಅಂದರೆ ವಿಟಮಿನ್ ಎ ಇರುವ ಕ್ರೀಮು ಹಚ್ಚುತ್ತಿದ್ದೀರಾ? ಯಾವ ಬಾಟಲಿಯೂ ಇದನ್ನೆಲ್ಲ ಕೇಳುವುದಿಲ್ಲ.

ಇನ್ನೊಂದು ಪ್ರಶ್ನೆಯನ್ನು ನಾನು ತಪ್ಪದೆ ಕೇಳುತ್ತಿದ್ದೆ, ಈಗ ಮುಖಕ್ಕೆ ಏನು ಹಚ್ಚುತ್ತಿದ್ದೀರಿ ಅಂತ. ಬೆಳ್ಳಗಾಗುವ ಕ್ರೀಮು ಅಂತ ಯಾರೋ ಕೊಟ್ಟ ಟ್ಯೂಬನ್ನು ಚೀಲದಿಂದ ತೆಗೆದು ತೋರಿಸುವವರು ಬಹಳ. ಓದಿ ನೋಡಿದರೆ ಅದರಲ್ಲಿ ಜೋರಾದ ಸ್ಟೀರಾಯ್ಡ್ ಇರುತ್ತದೆ. ತಿಂಗಳುಗಟ್ಟಲೆ ಹಚ್ಚಿ ಚರ್ಮ ತೆಳುವಾಗಿ, ಕೆಂಪು ರಕ್ತನಾಳಗಳು ಕಾಣುತ್ತಾ ಇರುತ್ತವೆ. ಆ ಮುಖಕ್ಕೆ ಆಮ್ಲ ಮುಟ್ಟಿಸಿದರೆ ಏನಾಗಬಹುದು ಯೋಚಿಸಿ. ಅಂಥವರಿಗೆ ಮೊದಲು ಆ ಕ್ರೀಮು ಬಿಡಿಸುವುದೇ ದೊಡ್ಡ ಚಿಕಿತ್ಸೆ.

ಪೀಲ್ ಆದ ಮೇಲಿನ ದಿನಗಳ ಬಗ್ಗೆ ನಿಮ್ಮ ಲೇಖನದಲ್ಲಿ ಒಂದೇ ಸಾಲಿದೆ, ಸನ್‌ಸ್ಕ್ರೀನ್ ಹಚ್ಚಿ ಅಂತ. ಸರಿಯೇ, ಆದರೆ ಸಾಲದು. ಮೊದಲ ದಿನ ಮುಖ ಬಿಗಿಯುತ್ತದೆ. ಎರಡನೆಯ, ಮೂರನೆಯ ದಿನ ಬಾಯಿ ಸುತ್ತ, ಮೂಗಿನ ಪಕ್ಕ ಸಿಪ್ಪೆ ಏಳಲು ಶುರು. ಕೈ ಸುಮ್ಮನಿರುವುದಿಲ್ಲ, ಕಿತ್ತು ಬಿಡೋಣ ಅನ್ನಿಸುತ್ತದೆ. ಕೀಳಬೇಡಿ. ಅಡಿಯ ಚರ್ಮ ಇನ್ನೂ ಮಾಗಿರುವುದಿಲ್ಲ, ಕಿತ್ತ ಕಡೆ ಕಪ್ಪು ಮಚ್ಚೆ ಉಳಿಯುತ್ತದೆ. ತಣ್ಣೀರು, ಮೆತ್ತನೆಯ ಕ್ಲೆನ್ಸರ್, ಸುವಾಸನೆ ಇಲ್ಲದ ಮಾಯಿಶ್ಚರೈಸರ್, ಇಷ್ಟೇ ಸಾಕು. ಸ್ಕ್ರಬ್ ಬೇಡ, ಹಬೆ ಬೇಡ, ಮೊದಲು ಹಚ್ಚುತ್ತಿದ್ದ ಆಮ್ಲ, ರೆಟಿನಾಲ್ ಯಾವುದೂ ಬೇಡ, ಚರ್ಮ ಪೂರ್ತಿ ಆರುವವರೆಗೆ. ಸಿಪ್ಪೆ ಏಳಲೇ ಇಲ್ಲ, ದುಡ್ಡು ದಂಡವಾಯಿತು ಅಂತ ಕೆಲವರು ಜಗಳಕ್ಕೆ ಬರುತ್ತಿದ್ದರು. ಮೇಲ್ಮೈ ಪೀಲ್‌ನಲ್ಲಿ ಕಣ್ಣಿಗೆ ಕಾಣುವಷ್ಟು ಸಿಪ್ಪೆ ಏಳದೆಯೂ ಕೆಲಸ ಆಗಿರುತ್ತದೆ.

ಬಿಸಿಲಿನ ವಿಷಯದಲ್ಲಿ ಯಾಕೆ ಇಷ್ಟು ಹಟ ಅಂದರೆ, ಕ್ರೀಮಿನ ಪ್ರಮಾಣದ ಆಮ್ಲ ಕೂಡ ಚರ್ಮವನ್ನು ಬಿಸಿಲಿಗೆ ಸೂಕ್ಷ್ಮ ಮಾಡುತ್ತದೆ. ಗ್ಲೈಕಾಲಿಕ್, ಲ್ಯಾಕ್ಟಿಕ್ ಗುಂಪಿನ ಆಮ್ಲವನ್ನು 4 ವಾರ ಹಚ್ಚಿದವರ ಚರ್ಮ ಅತಿನೇರಳೆ ಕಿರಣಕ್ಕೆ ಕೆಂಪಾಗುವುದು ಶೇ 18ರಷ್ಟು ಹೆಚ್ಚಿತ್ತು ಅಂತ ಅಧ್ಯಯನದಲ್ಲಿ ಕಂಡಿದೆ. ಹಚ್ಚುವುದು ನಿಲ್ಲಿಸಿದ ಒಂದು ವಾರದಲ್ಲಿ ಅದು ಮೊದಲಿನಂತಾಯಿತು. ಇನ್ನು ಹೊಸದಾಗಿ ಸುಲಿದ ಚರ್ಮದ ಪಾಡೇನು? ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನದು, ಎರಡು ಬೆರಳಿನುದ್ದ ಕ್ರೀಮು ಮುಖ ಮತ್ತು ಕತ್ತಿಗೆ, ಹೊರಗೆ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಕಡಲೆಕಾಳಿನಷ್ಟು ಸವರಿಕೊಂಡು ಹಚ್ಚಿದೆ ಅನ್ನುವವರೇ ಜಾಸ್ತಿ. ಬಂಗು ಇರುವವರಿಗೆ ಇನ್ನೊಂದು ಮಾತು. ಕಣ್ಣಿಗೆ ಕಾಣುವ ಬೆಳಕು ಕೂಡ ಬಂಗನ್ನು ಕೆರಳಿಸುತ್ತದೆ, ಸಾದಾ ಸನ್‌ಸ್ಕ್ರೀನ್ ಅದನ್ನು ಸರಿಯಾಗಿ ತಡೆಯುವುದಿಲ್ಲ. ಕಬ್ಬಿಣದ ಆಕ್ಸೈಡ್ ಸೇರಿಸಿದ, ಚರ್ಮದ ಬಣ್ಣವೇ ಇರುವ ಸನ್‌ಸ್ಕ್ರೀನ್‌ಗಳು ಸಿಗುತ್ತವೆ, ಅವು ಮೇಲು. ಬಂಗು ಹೋದಮೇಲೂ ಮರಳಿ ಬರುವ ಸ್ವಭಾವದ್ದು. ಬರೀ ಪೀಲ್ ನೆಚ್ಚಿಕೊಂಡು ಕ್ರೀಮು, ಸನ್‌ಸ್ಕ್ರೀನ್ ಬಿಟ್ಟರೆ ನಾಲ್ಕಾರು ಪೀಲ್ ಮಾಡಿಸಿದ್ದೆಲ್ಲ ನೀರಿನ ಪಾಲು.

ಲೇಖನದ ಫೋಟೋ ಬಗ್ಗೆಯೂ ಹೇಳಬೇಕು. ಎಡಗಡೆ ಕಂದು ಮುಖ, ಬಲಗಡೆ ಅದೇ ಮುಖ ಬೆಳ್ಳಗೆ. ಯಾವ ಪೀಲ್ ಕೂಡ ಹುಟ್ಟಿನ ಬಣ್ಣವನ್ನು ಹಾಗೆ ಬದಲಾಯಿಸುವುದಿಲ್ಲ. ಮೆಲನಿನ್ ಮಾಡುವ ಕೋಶಗಳ ಸಂಖ್ಯೆ ಕಪ್ಪಗಿರುವವರಲ್ಲೂ ಬೆಳ್ಳಗಿರುವವರಲ್ಲೂ ಹೆಚ್ಚುಕಡಿಮೆ ಒಂದೇ. ಅವು ಎಷ್ಟು ಬಣ್ಣ ಮಾಡುತ್ತವೆ, ಹೇಗೆ ಹಂಚುತ್ತವೆ ಎನ್ನುವುದು ಹುಟ್ಟಿನಿಂದ ಬಂದಿರುತ್ತದೆ. ಮೇಲಿನ ಪದರ ಸುಲಿದರೂ ತಳದಲ್ಲಿ ಅದೇ ಕೋಶಗಳು ಅದೇ ಬಣ್ಣ ಮಾಡುತ್ತಾ ಇರುತ್ತವೆ. ಪೀಲ್‌ನಿಂದ ಆಗುವುದು ಮಂಕು ಹೋಗುವುದು, ಕಲೆ ತಿಳಿಯಾಗುವುದು, ಮೈ ನುಣುಪಾಗುವುದು, ಬಣ್ಣ ಎಲ್ಲ ಕಡೆ ಒಂದೇ ಸಮ ಕಾಣುವುದು. ಅದೇನು ಸಣ್ಣದಲ್ಲ. ಅದನ್ನೇ ಪ್ರಾಮಾಣಿಕವಾಗಿ ತೋರಿಸಬಹುದಿತ್ತು. ಆ ಫೋಟೋ ನೋಡಿದ ಕಂದು ಬಣ್ಣದ ಹುಡುಗಿಗೆ ತನ್ನ ಬಣ್ಣವೇ ಒಂದು ಕಾಯಿಲೆ ಅನ್ನಿಸುತ್ತದೆ. ನನಗೆ ಅದು ಬಹಳ ನೋವು ತಂದಿತು.

ಮೊಡವೆ ಕುಳಿಗಳೂ ಮಾಯವಾಗುತ್ತವೆ ಎಂದಿದ್ದೀರಿ. ಕಪ್ಪು ಕಲೆ ಬೇರೆ, ಕುಳಿ ಬೇರೆ. ಕಲೆ ಬಣ್ಣದ್ದು, ಪೀಲ್‌ಗೆ ಬಗ್ಗುತ್ತದೆ. ಕುಳಿ ಒಳಚರ್ಮ ಕುಸಿದದ್ದು, ಮೇಲ್ಮೈ ಪೀಲ್ ಅದನ್ನು ಮುಟ್ಟುವುದೂ ಇಲ್ಲ. ಸೂಜಿ ಚುಚ್ಚಿದಂಥ ಆಳದ ಕುಳಿಗಳಿಗೆ ಜೋರಾದ ಟಿಸಿಎಯನ್ನು ಕಡ್ಡಿಯ ತುದಿಯಲ್ಲಿ ಆ ತೂತಿನೊಳಗೆ ಮಾತ್ರ ಮುಟ್ಟಿಸುವ ವಿಧಾನ ಇದೆ. ಅದೇ ಪ್ರಮಾಣವನ್ನು ಮುಖಕ್ಕೆಲ್ಲ ಬಳಿದರೆ ಕುಳಿ ಹೋಗುವ ಬದಲು ಮುಖವೇ ಕಲೆಯಾಗುತ್ತದೆ.

ಸಂಪಾದಕರೇ, ನನ್ನ ಕೋರಿಕೆ ಇಷ್ಟು. ಮನೆಯಲ್ಲೇ ಹಚ್ಚಿಕೊಳ್ಳಬಹುದು ಎನ್ನುವ ಆ ಸಾಲಿಗೆ ತಿದ್ದುಪಡಿ ಹಾಕಿ. ಅದೂ ಆ ಪುರವಣಿಯ ಅದೇ ಪುಟದಲ್ಲಿ, ಲೇಖನ ಓದಿದವರ ಕಣ್ಣಿಗೆ ಬೀಳುವ ಹಾಗೆ. ಮುಂದೆ ಇಂಥ ಲೇಖನ ಬಂದರೆ ಅಚ್ಚಿಗೆ ಹೋಗುವ ಮೊದಲು ಒಬ್ಬ ಚರ್ಮದ ಡಾಕ್ಟರಿಗೆ ತೋರಿಸಿ. ಯಾವ ಆಮ್ಲ, ಎಷ್ಟು ಆಳ, ಯಾರಿಗೆ ಬೇಡ ಅಂತ ಬರೆಸಿ. ಮೊದಲು ಮತ್ತು ಆಮೇಲೆ ಅಂತ ಎರಡು ಫೋಟೋ ಹಾಕುವ ಕಡೆ ಮೂರನೆಯ ದಿನದ ಫೋಟೋವನ್ನೂ ಹಾಕಿ. ಪೀಲ್ ಮಾಡಿಸಿಕೊಳ್ಳುವವರು ಆ ಮುಖವನ್ನೂ ನೋಡಿ ತೀರ್ಮಾನ ಮಾಡಲಿ.

ಆ ಲೇಖನ ಓದಿ ಈಗಾಗಲೇ ಬಾಟಲಿ ತರಿಸಿಕೊಂಡವರು ಇರಬಹುದು. ಅವರಿಗಾಗಿ ಇದನ್ನು ದಯವಿಟ್ಟು ಹಾಗೇ ಪ್ರಕಟಿಸಿ. ಹಚ್ಚಿದ ಮೇಲೆ ತಡೆಯಲಾಗದ ಉರಿ ಬಂದರೆ ನಿಮಿಷ ಮುಗಿಯಲಿ ಅಂತ ಕಾಯಬೇಡಿ. ಹರಿಯುವ ತಣ್ಣೀರಿನಲ್ಲಿ ತೊಳೆಯುತ್ತಲೇ ಇರಿ, ಹದಿನೈದು ಇಪ್ಪತ್ತು ನಿಮಿಷ. ಕಣ್ಣಿಗೆ ಹೋಗಿದ್ದರೂ ಹಾಗೆಯೇ, ರೆಪ್ಪೆ ಬಿಡಿಸಿ ನೀರು ಬಿಡಿ, ಆಮೇಲೆ ನೇರ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ. ಉಜ್ಜಬೇಡಿ. ಟೂತ್‌ಪೇಸ್ಟ್ ಹಚ್ಚಬೇಡಿ, ಐಸ್ ಒತ್ತಿ ಹಿಡಿಯಬೇಡಿ. ಗುಳ್ಳೆ ಎದ್ದರೆ ಒಡೆಯಬೇಡಿ. ಅದೇ ದಿನ ಚರ್ಮದ ಡಾಕ್ಟರಿಗೆ ತೋರಿಸಿ. ಹೋಗುವಾಗ ಬಾಟಲಿಯನ್ನೂ ಜೊತೆಗೆ ಒಯ್ಯಿರಿ. ಅದರಲ್ಲಿ ಏನಿದೆ, ಎಷ್ಟಿದೆ ಅಂತ ಅವರಿಗೆ ಮೊದಲು ಗೊತ್ತಾಗಬೇಕು. ಬೈಸಿಕೊಳ್ಳಬೇಕಾಗುತ್ತದೆ ಅಂತ ಹೆದರಿ ಮನೆಯಲ್ಲಿ ಮುಚ್ಚಿಟ್ಟುಕೊಂಡು ಕೂರಬೇಡಿ. ಉರಿಯೂತಕ್ಕೆ ಮೊದಲ ದಿನಗಳಲ್ಲೇ ಸರಿಯಾದ ಮದ್ದು ಬಿದ್ದರೆ ಕಪ್ಪು ಉಳಿಯುವುದು ಕಡಿಮೆಯಾಗುತ್ತದೆ.

ಇಂತಿ,
ನಿವೃತ್ತ ನರ್ಸ್, ಚರ್ಮರೋಗ ವಿಭಾಗ